ಮುದಕವ್ವನ ಎದೆಯ ಮೇಲಿನ ಕೂಸು

ಮುದಕವ್ವ ಹುಟ್ಟಿದ್ದು ಬನಹಟ್ಟಿ ಹತ್ತಿರದ ಚಿಮ್ಮಡದಲ್ಲಿ, ಬದುಕು ಸವೆಸಿದ್ದು ಜಮಖಂಡಿಯ ಬೀದಿಗಳಲ್ಲಿ. ಊರಿನ ಕಸ ಗುಡಿಸುವ ಕೆಲಸಕ್ಕಿದ್ದ ಗಂಡ ಜ್ವರ ಬಂದು ಮಲಗಿದವನು ಮತ್ತೆ ಏಳಲಿಲ್ಲ. ಅನುಕಂಪದ ಮೇಲೆ ಆತನ ಕೆಲಸ ಇವಳಿಗೆ ಬಂತು. ಬಜಾರದ ಅಂಗಡಿಗಳು ಬಾಗಿಲು ತೆರೆಯುವಷ್ಟರಲ್ಲಿ ಬೀದಿ ಗುಡಿಸಿ ಮುಗಿಸಿ, ಮನೆಗೆ ಬಂದು ರೊಟ್ಟಿ ಬಡಿದು, ಇಬ್ಬರು ಹೆಣ್ಣುಮಕ್ಕಳನ್ನು ಗಂಡನ ಮನೆ ಸೇರಿಸಿದಳು. ಮಗ ದುರಗೇಶನನ್ನು ಓದಿಸಿದಳು. ಅವನು ಸಾರಿಗೆ ಬಸ್ಸಿನ ಕಂಡಕ್ಟರ್ ಆದ ವರ್ಷವೇ ಆಕೆ ನಿವೃತ್ತಳಾದಳು. ಮನೆಯಲ್ಲಿ ತನ್ನ ಮಾತು ನಡೆಯಬೇಕೆಂಬುದು ಆಕೆಗೆ ಹಟವೇನೂ ಆಗಿರಲಿಲ್ಲ, ರೂಢಿಯಾಗಿತ್ತು ಅಷ್ಟೇ.

ಸೊಸೆ ಸಂಘಮಿತ್ರಾ ತೇರದಾಳದವಳು. ಬಿ.ಕಾಂ. ಮುಗಿಸಿ ಮುಧೋಳದ ಬೀಜದ ಕಂಪನಿಯೊಂದರ ಕಚೇರಿಯಲ್ಲಿ ಕೆಲಸಕ್ಕಿದ್ದಳು. ದಿನಾ ಬಸ್ಸಿನ ಓಡಾಟ. ತಾಯಿ ಇಲ್ಲದ ಹುಡುಗಿ, ಚೊಚ್ಚಲ ಹೆರಿಗೆಗೆ ತವರಿಗೆ ಕಳಿಸುವ ಮಾತು ಬಂದಾಗ ಮುದಕವ್ವ ಬೀಗರ ಎದುರಿಗೇ ಹೇಳಿಬಿಟ್ಟಿದ್ದಳು: "ಆಕಿ ಬಾಣಂತನ ನಾ ಮಾಡತೇನ್ರಿ. ನೀವು ಚಿಂತಿ ಬಿಡ್ರಿ."

ಬಾಣಂತನ ಮುದಕವ್ವನದಾದರೂ ಬಸಿರಿನ ಉಸ್ತುವಾರಿ ಮಾತ್ರ ಕಂಪನಿಯ ಪಾಲಾಗಿತ್ತು. ಕಂಪನಿಯವರು ನೌಕರರಿಗೆಲ್ಲ ಆರೋಗ್ಯ ವಿಮೆ ಮಾಡಿಸಿದ್ದರು. ಬಸುರಿಯ ತಪಾಸಣೆ, ಸ್ಕ್ಯಾನಿಂಗ್, ಹೆರಿಗೆ, ಹುಟ್ಟಿದ ಕೂಸಿನ ಆರೈಕೆ ಎಲ್ಲವೂ ಆ ಕಾರ್ಡಿನಲ್ಲಿ ಬರುತ್ತಿತ್ತು. ವಿಮೆಯವರ ಪಟ್ಟಿಯಲ್ಲಿದ್ದ ಆಸ್ಪತ್ರೆಗೆ ಹೋದರೆ ಕೈಯಿಂದ ಕೊಡುವ ಗೊಡವೆಯೇ ಇಲ್ಲ. ಸಂಘಮಿತ್ರಾ ಕಚೇರಿಗೆ ಹತ್ತಿರವೆಂದು ಮುಧೋಳದ ಆಸ್ಪತ್ರೆಯೊಂದನ್ನು ಆರಿಸಿಕೊಂಡು ತಿಂಗಳು ತಪ್ಪದೆ ಹೋಗಿಬರುತ್ತಿದ್ದಳು. ಒಮ್ಮೆ ಜೊತೆಗೆ ಹೋದ ಮುದಕವ್ವನಿಗೆ ಅಲ್ಲಿನ ವಹಿವಾಟು ಹಿಡಿಸಲಿಲ್ಲ.

"ಗಟ್ಟಿಮುಟ್ಟ ಹುಡುಗಿ ನೀ. ತಿಂಗಳಾ ತಿಂಗಳಾ ರಕ್ತ ಯಾಕ ತಗೀತಾರ ಇವರು?"

"ಕಾರ್ಡಿನ್ಯಾಗ ಐತ್ರಿ ಅತ್ತಿ. ಇದ್ದದ್ದು ಯಾಕ ಬಿಡಬೇಕು?"

"ಪುಗಸಟ್ಟೆ ಅಂತ ಯಾರರ ಸೂಜಿ ಚುಚ್ಚಿಸ್ಕೋತಾರನು?"

ಸಂಘಮಿತ್ರಾ ನಕ್ಕುಬಿಟ್ಟಿದ್ದಳು. ಆದರೆ ಎಂಟನೇ ತಿಂಗಳ ತಪಾಸಣೆಯಿಂದ ಬಂದವಳ ಮುಖದಲ್ಲಿ ನಗು ಇರಲಿಲ್ಲ. ರಕ್ತದೊತ್ತಡ ಏರಿದೆ, ಗುಳಿಗೆ ಕೊಟ್ಟಿದ್ದಾರೆ, ಕಚೇರಿಗೆ ರಜೆ ಹಾಕಲು ಹೇಳಿದ್ದಾರೆ ಎಂದಳು. ತಲೆ ಸಿಡಿದರೆ, ಕಣ್ಣು ಮಂಜಾದರೆ ಒಂದು ಗಳಿಗೆಯೂ ಕಾಯಬೇಡ ಅಂತಲೂ ಹೇಳಿ ಕಳಿಸಿದ್ದರು. ಮುದಕವ್ವ ಅದನ್ನು ಕಿವಿಗೆ ಹಾಕಿಕೊಂಡಳು, ಮನಸ್ಸಿಗೆ ಹಾಕಿಕೊಳ್ಳಲಿಲ್ಲ.

ಕಬ್ಬಿನ ಸುಗ್ಗಿಯ ದಿನಗಳು. ಅವತ್ತು ಬೆಳಿಗ್ಗೆ ದುರಗೇಶ ಹುಬ್ಬಳ್ಳಿಯ ಬಸ್ಸಿಗೆ ಡ್ಯೂಟಿಗೆ ಹೋದ. ಬಿಸಿಲು ಏರುವ ಹೊತ್ತಿಗೆ ಸಂಘಮಿತ್ರಾ ಅಡುಗೆಮನೆಯ ಗೋಡೆ ಹಿಡಿದುಕೊಂಡು ನಿಂತಳು.

"ಅತ್ತಿ, ತಲಿ ಒಡದ ಹೋಗಾಕತ್ತೈತ್ರಿ."

ಮುದಕವ್ವ ನೋಡಿದಳು. ಸೊಸೆಯ ಮುಖ ಊದಿಕೊಂಡಿತ್ತು. ಕಾಲುಂಗುರ ಬೆರಳಿನ ಮಾಂಸದಲ್ಲಿ ಹೂತಿತ್ತು. "ಪಿತ್ತ ಆಗೇತಿ. ಲಿಂಬಿಹಣ್ಣಿನ ನೀರು ಮಾಡಿಕೊಡತೇನಿ, ಕುಡದು ಮಲಗು," ಎಂದು ಚಾಪೆ ಹಾಸಿದಳು. ಹಣೆಗೆ ಎಣ್ಣೆ ತಿಕ್ಕಿದಳು. ಸಂಘಮಿತ್ರಾ ಸ್ವಲ್ಪ ಹೊತ್ತು ಕಣ್ಣು ಮುಚ್ಚಿ ಮಲಗಿದ್ದವಳು ತಟ್ಟನೆ ಎದ್ದು ಕುಳಿತಳು. "ಕಣ್ಣ ಮುಂದ ಕಿಡಿ ಹಾರಿದಂಗ ಆಗಾಕತ್ತೈತಿ. ನಿಮ್ಮ ಮಾರಿ ನನಗ ಕಾಣವಲ್ತು, ಅತ್ತಿ."

ಮುದಕವ್ವ ಎಣ್ಣೆಯ ಬಟ್ಟಲು ಅಲ್ಲೇ ಬಿಟ್ಟು ಎದ್ದಳು. ಸೊಸೆಯ ಫೋನಿನಿಂದ ದುರಗೇಶನಿಗೆ ಹಚ್ಚಿಸಿದರೆ ಹತ್ತಲಿಲ್ಲ. ಓಣಿಯ ಬಾಯಲ್ಲೇ ಆಟೋ ನಿಲ್ಲಿಸುತ್ತಿದ್ದ ಸಾತಪ್ಪನನ್ನು ಕೂಗಿ ಕರೆದಳು. ಸೊಸೆಯನ್ನು ಎಬ್ಬಿಸಿ ಕೂರಿಸಿಕೊಂಡು, "ಮುಧೋಳಕ್ಕ ಹೊಡಿ. ಕಾರ್ಡ ನಡಿಯೂ ಆಸ್ಪತ್ರಿ ಅಲ್ಲೈತಿ," ಎಂದಳು.

ಮುಧೋಳದ ರಸ್ತೆಗೆ ಬೀಳುವಷ್ಟರಲ್ಲಿ ಸಂಘಮಿತ್ರಾ ಆಟೋದಲ್ಲೇ ವಾಂತಿ ಮಾಡಿಕೊಂಡಳು. ಮುಂದೆ ಕಬ್ಬು ತುಂಬಿದ ಟ್ರ್ಯಾಕ್ಟರುಗಳ ಸಾಲು, ಒಂದೊಂದಕ್ಕೂ ಎರಡೆರಡು ಟ್ರೇಲರ್. ಆಟೋ ತೂರುವಷ್ಟೂ ಜಾಗವಿಲ್ಲ. ಸಂಘಮಿತ್ರಾ ತಡವರಿಸುತ್ತ ವಿಮೆಯವರ ಸಹಾಯವಾಣಿಗೆ ಫೋನು ಮಾಡಿ ಮುದಕವ್ವನ ಕೈಗೆ ಕೊಟ್ಟಳು. ಆ ಕಡೆ ಒಬ್ಬ ನರ್ಸು. ಎಷ್ಟು ತಿಂಗಳು, ತಲೆನೋವು ಇದೆಯೇ, ಕಣ್ಣು ಕಾಣುತ್ತಿದೆಯೇ ಎಂದು ಒಂದೇ ಸಮ ಕೇಳಿದಳು. ಮುದಕವ್ವ ಒಂದೊಂದಕ್ಕೂ ಉತ್ತರ ಹೇಳಿದಳು.

"ಅಮ್ಮಾ, ಮುಧೋಳದವರೆಗೆ ಹೋಗಬೇಡಿ. ಎಲ್ಲಿದ್ದೀರೋ ಅಲ್ಲಿಗೆ ಹತ್ತಿರದ ದೊಡ್ಡ ಆಸ್ಪತ್ರೆಗೆ ಹೋಗಿ. ಈಗಲೇ."

"ಹತ್ರದ್ದು ನಮ್ಮ ಪಟ್ಟಿಯಾಗಿಲ್ರೀ! ಆಮ್ಯಾಲೆ ರೊಕ್ಕಕ್ಕ ನಮ್ಮನ್ನ ಹಿಡದು ಕುಂದರಿಸಿದ್ರ?"

"ಜೀವಕ್ಕೆ ಅಪಾಯ ಇದ್ದಾಗ ಪಟ್ಟಿ ನೋಡೋದಿಲ್ಲ. ಕಾಗದ ಇಟ್ಟುಕೊಂಡರೆ ಹಣ ಆಮೇಲೆ ಕೇಳಬಹುದು. ದಯವಿಟ್ಟು ತಡ ಮಾಡಬೇಡಿ."

ಕಾಣದ ಹೆಂಗಸೊಬ್ಬಳು ಎಲ್ಲೋ ಕುಳಿತು ಹೇಳಿದ ಮಾತು. ನಂಬುವುದೋ ಬಿಡುವುದೋ? ಮುದಕವ್ವ ಸೊಸೆಯ ಕಡೆ ತಿರುಗಿದಳು. ಅವಳ ತುಟಿಯ ಒಂದು ತುದಿ ತಾನಾಗಿಯೇ ಅದುರುತ್ತಿತ್ತು.

"ಸಾತಪ್ಪಾ, ತಿರಗಸಲೇ ಗಾಡಿ!"

ಜಮಖಂಡಿಯ ದೊಡ್ಡ ಆಸ್ಪತ್ರೆಯ ಬಾಗಿಲಲ್ಲಿ ಆಟೋ ನಿಂತದ್ದಷ್ಟೇ, ಸಂಘಮಿತ್ರಾಗೆ ಫಿಟ್ಸ್ ಬಂತು. ಮೈಯೆಲ್ಲ ಬಿಲ್ಲಿನಂತೆ ಬಾಗಿ ಸೆಟೆದುಕೊಂಡಿತು. ಸಾತಪ್ಪ ಕಾಲು ಹಿಡಿದ, ಮುದಕವ್ವ ತಲೆ ಹಿಡಿದಳು. ಒಳಗಿನಿಂದ ಓಡಿಬಂದವರು ಸ್ಟ್ರೆಚರ್ ಮೇಲೆ ಹಾಕಿಕೊಂಡು ಹೋದರು. ಬಾಗಿಲು ಮುಚ್ಚಿತು. ಮುದಕವ್ವನ ಸೀರೆಯ ಸೆರಗು ಸೊಸೆಯ ಮುಷ್ಟಿಯಲ್ಲಿ ಸಿಕ್ಕು ಹರಿದಿತ್ತು.

ಡಾಕ್ಟರಮ್ಮ ಹೊರಬಂದು ನಿಂತುಕೊಂಡೇ ಮಾತಾಡಿದರು. "ಬಿ.ಪಿ. ತಲಿಗೆ ಏರೇತಿ. ಇಂಜೆಕ್ಷನ್ ಕೊಟ್ಟು ಫಿಟ್ಸ್ ನಿಲ್ಲಿಸೇವಿ. ಕೂಸು ಹೊರಗ ಬರೂತನಕ ತಾಯಿ ಹಗುರಾಗೂದಿಲ್ಲ. ಈಗ ಆಪರೇಷನ್ ಮಾಡಬೇಕು. ಸಹಿ ಯಾರು ಮಾಡ್ತೀರಿ?"

"ಇನ್ನೂ ದಿನ ತುಂಬಿಲ್ಲಲ್ರೀ, ಮೇಡಮ್ಮಾರ."

"ತುಂಬೂತನಕ ಕಾದ್ರ ಇಬ್ಬರೂ ಉಳಿಯೂದು ಕಷ್ಟ ಐತಿ."

ಸಂಬಳ ತೆಗೆದುಕೊಳ್ಳುವುದಕ್ಕಾಗಿ ಕಲಿತ ಸಹಿ ಮುದಕವ್ವನದು. ಅದನ್ನು ಬರೆಯಲು ಯಾವತ್ತೂ ಅಷ್ಟು ಹೊತ್ತು ಹಿಡಿದಿರಲಿಲ್ಲ. ಆಮೇಲೆ ಹೊರಗಿನ ಬೆಂಚಿನ ಮೇಲೆ ಕುಳಿತಳು. ದುರಗೇಶನಿಗೆ ಸಾತಪ್ಪನೇ ಫೋನು ಹಚ್ಚುತ್ತಲೇ ಇದ್ದ. ಕಡೆಗೊಮ್ಮೆ ಸಿಕ್ಕ. ಬಸ್ಸನ್ನು ಬೇರೆ ಕಂಡಕ್ಟರನ ವಶಕ್ಕೆ ಕೊಟ್ಟು ಹೊರಟೆ ಎಂದ.

ಹೆಣ್ಣುಕೂಸು. ಅತ್ತಿತು, ಆದರೆ ಬೆಕ್ಕಿನ ಮರಿಯಷ್ಟು ಸಣ್ಣಗೆ. ಬಿಳಿ ಬಟ್ಟೆಯಲ್ಲಿ ಸುತ್ತಿ ತಂದು ತೋರಿಸಿದಾಗ ಮುದಕವ್ವನಿಗೆ ಕಂಡದ್ದು ಬೆರಳಿನಷ್ಟು ದಪ್ಪದ ತೋಳು, ಮುದುಕರಂತೆ ಸುಕ್ಕುಗಟ್ಟಿದ ಹಣೆ. ಉಸಿರೆಳೆದಾಗ ಪಕ್ಕೆಲುಬಿನ ನಡುವೆ ಕುಳಿ ಬೀಳುತ್ತಿತ್ತು.

"ಇಷ್ಟು ಸಣ್ಣ ಕೂಸನ್ನ ಇಡೂ ಸವಲತ್ತು ನಮ್ಮಲ್ಲಿಲ್ಲ," ಎಂದರು ಡಾಕ್ಟರಮ್ಮ. "ಬಾಗಲಕೋಟಿಗೆ ಕಳಸ್ತೇವಿ. ತಾಯೀನ ಮಾತ್ರ ಇಲ್ಲಿಂದ ಅಲುಗಾಡಸೂ ಹಂಗಿಲ್ಲ. ಆಕಿಗೆ ಇನ್ನೂ ಎಚ್ಚರಿಲ್ಲ."

ಅಷ್ಟರಲ್ಲಿ ದುರಗೇಶ ಬಂದ, ಖಾಕಿ ಅಂಗಿಯಲ್ಲೇ. ಒಳಗೆ ಹೆಂಡತಿ, ಹೊರಗೆ ಆಂಬುಲೆನ್ಸು. ಎರಡರ ನಡುವೆ ನಿಂತುಬಿಟ್ಟ. ಮುದಕವ್ವ ಅವನ ಭುಜ ಹಿಡಿದು ಒಳಗಿನ ಕಡೆ ತಳ್ಳಿದಳು. "ಆಕಿ ಕಣ್ಣ ತಗದಾಗ ಗಂಡ ಕಾಣಬೇಕು. ಕೂಸಿನ ಕೂಡ ನಾ ಹೋಗತೇನಿ. ಸಂಘಮಿತ್ರಾನ ಫೋನು ನನ್ನ ಕಡೆನ ಇರ್ಲಿ, ಕಂಪನಿಯವರು ಮಾಡಿದ್ರ ಅದಕ್ಕ ಮಾಡ್ತಾರ."

ಮುಧೋಳ ದಾಟಿತು. ಲೋಕಾಪುರದ ಕೂಡುರಸ್ತೆಯಲ್ಲಿ ಮತ್ತೆ ಕಬ್ಬಿನ ಟ್ರೇಲರುಗಳು ಅಡ್ಡ. ಸೈರನ್ ಕೂಗಿದರೂ ಸರಿದುಕೊಳ್ಳಲು ಅವುಗಳಿಗೆ ಜಾಗವಿದ್ದರೆ ತಾನೇ? ಆಂಬುಲೆನ್ಸಿನ ಹುಡುಗಿ ಕೂಸಿನ ಮೂಗಿನ ಹತ್ತಿರ ಆಮ್ಲಜನಕದ ಕೊಳವೆ ಹಿಡಿದು ಕುಳಿತಿದ್ದಳು. ಮುದಕವ್ವ ಕಿಟಕಿಯಿಂದ ತಲೆ ಹೊರಹಾಕಿ, ಬೀದಿ ಗುಡಿಸುವಾಗ ದನ ಓಡಿಸುತ್ತಿದ್ದ ಗಂಟಲಿನಲ್ಲಿ ಕಿರುಚಿದಳು: "ಏ ಅಣ್ಣಾ, ಒಳಗ ಹಸಿಗೂಸು ಐತಿ, ಹಾದಿ ಬಿಡ್ರೋ!" ಟ್ರ್ಯಾಕ್ಟರಿನವನೊಬ್ಬ ಕೆಳಗಿಳಿದು, ಹಿಂದಿನವರನ್ನು ಹಿಂದಕ್ಕೆ ಸರಿಸಿ, ಗಾಡಿಯನ್ನು ಹೊಲದ ಬದಿಗೆ ಇಳಿಸಿದ. ಆಂಬುಲೆನ್ಸು ನುಸುಳಿಕೊಂಡು ಹೋಯಿತು.

ಬಾಗಲಕೋಟೆಯ ಆಸ್ಪತ್ರೆ ಕಾರ್ಡಿನ ಪಟ್ಟಿಯಲ್ಲಿದ್ದದ್ದೇ. ಮಕ್ಕಳ ಡಾಕ್ಟರು ಮಾತಿಗೆ ನಿಲ್ಲದೆ ಕೂಸನ್ನು ಒಳಗೆ ಒಯ್ದರು. ಆದರೆ ವಿಮೆಯ ಕಿಟಕಿಯಲ್ಲಿ ಕುಳಿತ ಯುವಕ ಕಂಪ್ಯೂಟರು ನೋಡಿ ತಲೆಯಾಡಿಸಿದ.

"ಆಯಿ, ಈ ಕಾರ್ಡಿನ್ಯಾಗ ಕೂಸಿನ ಹೆಸರಿಲ್ಲ."

"ಈಗ ಹುಟ್ಟೇತೋ ಯಪ್ಪಾ. ಹೆಸರು ಎಲ್ಲಿಂದ ತರ್ಲಿ?"

"ಹಂಗಲ್ರೀ. ತಾಯಿ ಹೆಸರಿನ ಮ್ಯಾಲೇ ಕೂಸಿನ್ನ ಸೇರಿಸಬಹುದು. ಆದ್ರ ಕಂಪನಿಯವರು ಬರದು ಕಳಸಬೇಕು. ಅಲ್ಲೀತನಕ ನೀವು ಅಡ್ವಾನ್ಸ್ ಕಟ್ಟಬೇಕಾಗತೈತಿ."

ಮುದಕವ್ವನ ಸೊಂಟದ ಸಂಚಿಯಲ್ಲಿದ್ದದ್ದು ಆಟೋದವನಿಗೆ ಕೊಡಬೇಕೆಂದು ತಂದ ಹಣ. ಸೊಸೆಯ ಫೋನು ಕೈಯಲ್ಲಿತ್ತು, ಆದರೆ ಬೀಗ ಹಾಕಿಕೊಂಡಿತ್ತು. ತೆರೆಯುವ ಗುಟ್ಟು ಪ್ರಜ್ಞೆಯಿಲ್ಲದ ಸೊಸೆಗೆ ಮಾತ್ರ ಗೊತ್ತು. ಮುದಕವ್ವ ಅದನ್ನು ಮಡಿಲಲ್ಲಿಟ್ಟುಕೊಂಡು, ಯಾರಾದರೂ ಮಾಡಲಿ, ಯಾರಾದರೂ ಮಾಡಲಿ ಎಂದು ದಿಟ್ಟಿಸುತ್ತ ಕುಳಿತಳು. ಬಹಳ ಹೊತ್ತಿಗೆ ಅದು ಗುಂಯ್‌ಗುಟ್ಟಿತು. ಸಂಘಮಿತ್ರಾಳ ಕಚೇರಿಯ ಮೃಣ್ಮಯಿ. ನೌಕರರ ಸಂಬಳ, ರಜೆ, ವಿಮೆ ನೋಡಿಕೊಳ್ಳುವವಳು. ದುರಗೇಶನಿಂದ ಸುದ್ದಿ ತಿಳಿದಿತ್ತು.

"ನೀವು ಸಂಘಮಿತ್ರಾನ ಅತ್ತಿಯವ್ರೇನ್ರಿ? ಗಾಬರಿ ಆಗಬ್ಯಾಡ್ರಿ. ಹುಟ್ಟಿದ ದಿನದಿಂದನ ಕೂಸು ನಮ್ಮ ವಿಮೆಯೊಳಗ ಬರ್ತದ. ನಾನು ಈಗ ಬರದು ಕಳಸ್ತೀನಿ. ಆ ಕಿಟಕಿಯವರಿಗೆ ಫೋನು ಕೊಡ್ರಿ."

ಕೊಟ್ಟಳು. ಅವರಿಬ್ಬರೂ ಮಾತಾಡಿದರು. ಅಷ್ಟಕ್ಕೇ ಮುಗಿಯಲಿಲ್ಲ. ವಿಮೆಯವರು ಜಮಖಂಡಿಯ ಆಸ್ಪತ್ರೆಯ ಕಾಗದ ಕೇಳಿದರು. ದುರಗೇಶ ಅದರ ಫೋಟೋ ತೆಗೆದು ಕಳಿಸಿದ. ಕೂಸಿಗೆ ಇಷ್ಟು ದಿನ ಯಾಕೆ ಬೇಕು ಎಂದು ಕೇಳಿದರು, ಡಾಕ್ಟರು ಬರೆದುಕೊಟ್ಟರು. ಮರುದಿನ ಮಧ್ಯಾಹ್ನ ಒಪ್ಪಿಗೆ ಬಂತು, ಅದೂ ಒಂದು ಮಿತಿಯವರೆಗೆ. "ಕೂಸನ್ನ ಬೆಚ್ಚಗಿಡೂ ಯಂತ್ರದ ಪೆಟ್ಟಿಗಿಯೊಳಗ ಭಾಳ ದಿನ ಇಟ್ರ ಇದು ಸಾಲೂದಿಲ್ಲ," ಎಂದು ಕಿಟಕಿಯ ಯುವಕ ಮೆಲ್ಲಗೆ ಹೇಳಿದ. "ಸಾಲದಿದ್ರ ಮತ್ತ ಕೇಳಬೇಕು. ಅವರು ಕೊಟ್ಟಾರು, ಬಿಟ್ಟಾರು."

ಮುದಕವ್ವ ಗಾಜಿನಾಚೆಯಿಂದ ಕೂಸನ್ನು ನೋಡುತ್ತ ನಿಲ್ಲುತ್ತಿದ್ದಳು. ಮೂಗಿಗೆ ಕೊಳವೆ, ಕಾಲಿಗೆ ವೈರು. ಮೂರನೇ ದಿನ ಉಸಿರಾಟದ ಯಂತ್ರ ತೆಗೆದರು. ಆದರೆ ಮೈ ಬಿಸಿ ನಿಲ್ಲುತ್ತಿರಲಿಲ್ಲ, ತೂಕ ಇಳಿಯುತ್ತಿತ್ತು. ಅತ್ತ ಸಂಘಮಿತ್ರಾ ಕಣ್ಣು ತೆರೆದಿದ್ದಳು, ಆದರೆ ಎದ್ದು ಕೂರುವ ಶಕ್ತಿ ಇರಲಿಲ್ಲ. ಎದೆಹಾಲು ಹಿಂಡಿ ಕೊಡುತ್ತಿದ್ದಳು. ದುರಗೇಶ ಅದನ್ನು ಮಂಜುಗಡ್ಡೆಯ ಡಬ್ಬಿಯಲ್ಲಿಟ್ಟು ಬಾಗಲಕೋಟೆಯ ಬಸ್ಸಿಗೆ ಹಾಕುತ್ತಿದ್ದ. ಅವನ ಜೊತೆಗಾರ ಕಂಡಕ್ಟರ್ ಬಸಗೊಂಡಪ್ಪ ಅದನ್ನು ತನ್ನ ಸೀಟಿನ ಕೆಳಗಿಟ್ಟುಕೊಂಡು ಬಂದು, ಆಸ್ಪತ್ರೆಯ ಬಾಗಿಲಲ್ಲಿ ಮುದಕವ್ವನ ಕೈಗೆ ಮುಟ್ಟಿಸುತ್ತಿದ್ದ. ಅವನಿಗೆ ಡ್ಯೂಟಿ ಇಲ್ಲದ ದಿನ ಇನ್ನೊಬ್ಬ. ಹಾಲು ಒಂದು ದಿನವೂ ತಪ್ಪಲಿಲ್ಲ.

ಆ ವಾರ್ಡಿನ ನರ್ಸ್ ಮಾಲಾ ಒಂದು ಬೆಳಿಗ್ಗೆ ಮುದಕವ್ವನನ್ನು ಕರೆದಳು.

"ಆಯಿ, ಕೂಸಿಗೆ ಮನುಷ್ಯರ ಮೈಬಿಸಿ ಬೇಕು. ಬಟ್ಟಿ ಇಲ್ಲದ ಎದಿ ಮ್ಯಾಲೆ ಹಾಕ್ಕೊಂಡು ಕುಂದರಬೇಕು. ತಾಯಿ ಇದ್ರ ತಾಯಿ. ಇಲ್ಲಂದ್ರ ಮನಿಯವರು ಯಾರಾದ್ರೂ ಆದೀತು. ನಿಮಗ ಕೆಮ್ಮು, ಜ್ವರ ಏನೂ ಇಲ್ಲಲ್ಲ?"

ಮುದಕವ್ವ ಎರಡು ಹೆಜ್ಜೆ ಹಿಂದೆ ಸರಿದಳು. "ನಾ ಬ್ಯಾಡವ್ವಾ."

"ಯಾಕ್ರಿ?"

"ಜಲ್ಮೆಲ್ಲ ಗಟಾರ ಬಳದ ಮೈ ಇದು. ನೀರು ಕೊಡೂವಾಗ ಸೈತ ಮಂದಿ ಮ್ಯಾಲಿಂದ ಸುರುವತಿದ್ರು. ಅಂಥಾ ಎಳಿಕೂಸನ್ನ..." ಇನ್ನೊಂದು ಕಾರಣವೂ ಇತ್ತು, ಅದನ್ನು ಹೇಳಲು ಆಕೆಗೆ ಆಗಲಿಲ್ಲ. ದುರಗೇಶನಿಗಿಂತ ಮೊದಲು ಒಂದು ಕೂಸು ಹೀಗೇ ದಿನ ತುಂಬದೆ ಹುಟ್ಟಿತ್ತು. ಹಳೆಯ ಅರಿವೆಯಲ್ಲಿ ಸುತ್ತಿ, ಒಲೆಯ ಪಕ್ಕ ಇಟ್ಟು, ರಜೆ ಸಿಗದೆಯೂ ಊರಿಗೆ ಹೋಗಬೇಕಾಗಿದ್ದ ಗಂಡನ ಬದಲಿಗೆ ಬೀದಿ ಗುಡಿಸಲು ಹೋಗಿದ್ದಳು. ತಿರುಗಿ ಬಂದಾಗ ಕೂಸು ತಣ್ಣಗಾಗಿತ್ತು. ಆ ತಣ್ಣನೆಯ ಮೈ ಕೈಗೆ ತಾಕಿದ್ದನ್ನು ಆಕೆ ಇವತ್ತಿಗೂ ಮರೆತಿರಲಿಲ್ಲ.

ಮಾಲಾ ಬಿಸಿನೀರಿನ ಬಚ್ಚಲು ತೋರಿಸಿ, ಮುಂದೆ ತೆರೆಯುವ ಅಂಗಿ ಕೈಗಿಟ್ಟಳು. "ಸ್ವಚ್ಛ ತಿಕ್ಕಿ ಝಳಕ ಮಾಡ್ಕೊಂಡು ಬರ್ರಿ. ನನಗೂ ದಿನಾ ಇದನ್ನ ಹೇಳ್ತಾರ ಇಲ್ಲಿ. ನಿಮ್ಮ ಮೈ ಬ್ಯಾರೆ, ನಮ್ಮ ಮೈ ಬ್ಯಾರೆ ಏನಿಲ್ಲ."

ಮುದಕವ್ವ ಉಗುರು ಕತ್ತರಿಸಿಕೊಂಡು, ಚರ್ಮ ಕೆಂಪಾಗುವಂತೆ ತಿಕ್ಕಿ ಮಿಂದು ಬಂದಳು. ಒರಗುಕುರ್ಚಿಯಲ್ಲಿ ಕೂರಿಸಿ ಮಾಲಾ ಕೂಸನ್ನು ಆಕೆಯ ಎದೆಯ ಮೇಲೆ ನೇರಕ್ಕೆ ಮಲಗಿಸಿ, ಕಪ್ಪೆಯ ಹಾಗೆ ಕೈಕಾಲು ಮಡಚಿ, ಮೇಲೆ ಬಟ್ಟೆ ಬಿಗಿದಳು. ಭಾರವೇ ಇರಲಿಲ್ಲ. ಒದ್ದೆ ಎಲೆಯೊಂದು ಅಂಟಿಕೊಂಡ ಹಾಗೆ. ಮುದಕವ್ವ ಉಸಿರಾಡಲೂ ಹೆದರಿದಳು.

"ಉಸಿರಾಡ್ರಿ ಆಯಿ," ಎಂದಳು ಮಾಲಾ. "ನಿಮ್ಮ ಉಸಿರು ಕೇಳೇ ಅದೂ ಉಸಿರಾಡತೈತಿ. ಒಮ್ಮೊಮ್ಮೆ ಇಂಥಾ ಕೂಸು ಉಸಿರು ಮರೀತಾವ. ಬಣ್ಣ ನೋಡ್ಕೋತ ಇರ್ರಿ. ಸುಮ್ಮನಾತು ಅನಿಸಿದ್ರ ಅಂಗಾಲಿಗೆ ಬೆರಳಿಂದ ಟಪ್ ಅಂತ ಬಾರಿಸ್ರಿ, ನನ್ನ ಕರೀರಿ."

ಎರಡು ದಿನ ಏನೂ ಆಗಲಿಲ್ಲ. ಊಟಕ್ಕೆ, ಬಚ್ಚಲಿಗೆ ಬಿಟ್ಟರೆ ಮುದಕವ್ವ ಕುರ್ಚಿ ಬಿಟ್ಟೇಳಲಿಲ್ಲ. ಮೂರನೇ ದಿನ ಮಧ್ಯಾಹ್ನ ಪಕ್ಕದ ಹಾಸಿಗೆಯ ಕೂಸಿಗೆ ಏನೋ ಆಗಿ ಎಲ್ಲರೂ ಅತ್ತ ಓಡಿದ್ದರು. ಆಗ ಎದೆಯ ಮೇಲಿನ ಸಣ್ಣ ಬಡಿತದಲ್ಲಿ ಏನೋ ತಪ್ಪಿದಂತಾಯಿತು. ಮುದಕವ್ವ ಬಗ್ಗಿ ನೋಡಿದಳು. ತುಟಿಯ ಸುತ್ತ ನೀಲಿ. ಬೆನ್ನು ಏರುತ್ತಿಲ್ಲ, ಇಳಿಯುತ್ತಿಲ್ಲ. ಯಂತ್ರ ಆಮೇಲೆ ಕೂಗಿತು, ಆಕೆಗೆ ಅದು ಕೇಳಿಸಲೂ ಇಲ್ಲ. ಬಟ್ಟೆಯೊಳಗೆ ಕೈ ಹಾಕಿ, ಹೆಬ್ಬೆರಳಿನಷ್ಟಿದ್ದ ಅಂಗಾಲಿಗೆ ಬಾರಿಸಿದಳು. ಏನಿಲ್ಲ. ಮತ್ತೆ ಬಾರಿಸಿದಳು. "ಏಳ ನನ್ನವ್ವಾ, ಏಳ! ಮಾಲವ್ವಾ, ಬಾರವ್ವಾ!" ಬೆನ್ನು ತಿಕ್ಕಿದಳು, ಇನ್ನೊಂದು ಏಟು ಕೊಟ್ಟಳು. ಮಾಲಾ ಓಡಿಬಂದು ಕೈ ಚಾಚುವಷ್ಟರಲ್ಲಿ ಕೂಸು ಒಮ್ಮೆ ಬೆಚ್ಚಿ, ಬಾಯಿ ತೆರೆದು, ಸಿಟ್ಟಿನಿಂದ ಅತ್ತಿತು.

ನೀಲಿ ಹೋಗಿ ಕೆಂಪು ತಿರುಗಿತು. ಡಾಕ್ಟರು ಬಂದು ಎದೆ ಪರೀಕ್ಷಿಸಿ, ಔಷಧಿ ಬದಲಿಸಿ ಹೋದರು. ಮುದಕವ್ವ ಕೂಸಿನ ಬೆನ್ನಿನ ಮೇಲಿಟ್ಟ ಕೈ ತೆಗೆದಿರಲಿಲ್ಲ. "ಕೂಸಿನ್ನ ಪೆಟ್ಟಿಗಿಯೊಳಗ ಇಡೂಣೇನ್ರಿ, ನೀವು ತುಸು ಮಲಗ್ರಿ," ಎಂದು ಮಾಲಾ ಕೇಳಿದಳು.

"ಬ್ಯಾಡ. ಇಲ್ಲೇ ಇರ್ಲಿ," ಎಂದಳು ಮುದಕವ್ವ.

ಆ ವಾರವೇ ಕಿಟಕಿಯ ಯುವಕ ಮಂಜೂರಾದ ಮಿತಿ ತೀರುತ್ತ ಬಂತೆಂದು ಎಚ್ಚರಿಸಿದ. ಮೃಣ್ಮಯಿ ಮತ್ತೆ ವಿಮೆಯವರ ಬೆನ್ನು ಹತ್ತಿದಳು. ಉತ್ತರ ಬರುವ ಮೊದಲೇ ಮಕ್ಕಳ ಡಾಕ್ಟರು ಒಂದು ಮಾತು ಹೇಳಿದರು: ಕೂಸಿನ ಮೈಬಿಸಿ ಈಗ ನಿಂತಿದೆ, ತೂಕ ಏರುತ್ತಿದೆ, ಇನ್ನು ಯಂತ್ರದ ಪೆಟ್ಟಿಗೆ ಬೇಕಿಲ್ಲ, ಬದಿಯ ಸಾದಾ ಕೋಣೆಯಲ್ಲಿ ಅಜ್ಜಿಯ ಎದೆಯ ಮೇಲೇ ಇರಲಿ, ನಾವು ನೋಡಿಕೊಳ್ಳುತ್ತೇವೆ. ಆ ಕೋಣೆಯ ಖರ್ಚಿಗೆ ಮಿತಿಯಲ್ಲಿ ಉಳಿದದ್ದೇ ಸಾಕಾಯಿತು.

ಸಂಘಮಿತ್ರಾ ಬಂದದ್ದು ಒಂದು ಇಳಿಹೊತ್ತು. ಬಾಡಿಗೆ ಕಾರಿನಿಂದ ಇಳಿದು, ದುರಗೇಶನ ತೋಳು ಹಿಡಿದು, ಹೊಟ್ಟೆಯ ಹೊಲಿಗೆ ಒತ್ತಿಕೊಂಡು ಹೆಜ್ಜೆ ಹೆಜ್ಜೆಗೂ ನಿಂತು ಬಂದಳು. ಹುಟ್ಟಿದ ಕೂಸನ್ನು ಆಕೆ ಇನ್ನೂ ಕಂಡೇ ಇರಲಿಲ್ಲ. ಫೋನಿನಲ್ಲಿ ಫೋಟೋ ನೋಡಿದ್ದಳು ಅಷ್ಟೇ. ಬಾಗಿಲಲ್ಲಿ ನಿಂತು, ಅತ್ತೆಯ ಎದೆಯ ಮೇಲೆ ಬಟ್ಟೆಯಿಂದ ಇಣುಕುತ್ತಿದ್ದ ಕಪ್ಪು ಕೂದಲಿನ ತಲೆಯನ್ನು ನೋಡಿ, ಒಳಗೆ ಬರಲು ಹೆದರಿದವಳಂತೆ ಹೊಸ್ತಿಲಲ್ಲೇ ಉಳಿದಳು.

"ನನಗ ಗುರ್ತ ಹಿಡೀತೈತೇನ್ರಿ ಅದು?"

"ಬಾ ಇಲ್ಲೆ. ಹಾಲಿನ ರುಚಿ ಕಂಡೈತಿ. ವಾಸನಿ ಹಿಡದು ಹುಡಕ್ಕೋತೈತಿ."

ಮಾಲಾ ಬಟ್ಟೆ ಸಡಿಲಿಸಿ ಕೂಸನ್ನು ಎತ್ತಿದಳು. ಅದು ಅತ್ತಿತು. ತಾಯಿಯ ಎದೆಗೆ ಒರಗಿಸಿದ ಮೇಲೂ ಒಂದಿಷ್ಟು ಹೊತ್ತು ಮುಖ ಅತ್ತಿತ್ತ ಹೊರಳಿಸಿ ಅಳುತ್ತಲೇ ಇತ್ತು. ಸಂಘಮಿತ್ರಾಳ ಕಣ್ಣಿನಿಂದ ನೀರು ಕೂಸಿನ ತಲೆಯ ಮೇಲೆ ಬಿತ್ತು. ಆಮೇಲೆ ಅಳು ಕ್ಷೀಣಿಸಿ, ಬಾಯಿ ಚಪ್ಪರಿಸುವ ಸದ್ದು ಮಾತ್ರ ಕೇಳಿಸಿತು. ಮುದಕವ್ವ ಅಂಗಿಯ ಗುಂಡಿ ಹಾಕಿಕೊಂಡಳು. ಎದೆಯ ಮೇಲೆ ಆ ಜಾಗ ಥಟ್ಟನೆ ತಣ್ಣಗಾಗಿತ್ತು. ಏನು ಮಾಡಬೇಕೆಂದು ತೋಚದೆ ಹೊರಗೆ ಬಂದು, ಕಾರಿಡಾರಿನ ಕಿಟಕಿಯ ಸರಳು ಹಿಡಿದು ನಿಂತಳು.

ಅಲ್ಲಿಂದ ಮುಂದೆ ಎಲ್ಲವೂ ಸಲೀಸಾಗಿ ನಡೆಯಲಿಲ್ಲ. ಪಟ್ಟಿಯಲ್ಲಿಲ್ಲದ ಜಮಖಂಡಿಯ ಆಸ್ಪತ್ರೆಯ ಬಿಲ್ಲಿಗೆ ವಿಮೆಯವರು ಬಹಳ ಓಡಾಡಿಸಿ, ಪೂರಾ ಅಲ್ಲದಿದ್ದರೂ ದೊಡ್ಡ ಪಾಲು ಕೊಟ್ಟರು. ಕೂಸಿನ ಕಣ್ಣಿನ ಹಿಂಭಾಗದ ರಕ್ತನಾಳಗಳು ಸರಿಯಾಗಿ ಬೆಳೆದಿವೆಯೋ ಇಲ್ಲವೋ ಎಂದು ಮೊದಲ ಪರೀಕ್ಷೆಯಲ್ಲಿ ಅನುಮಾನವಿತ್ತು. ಎರಡನೆಯದರಲ್ಲಿ ಅದು ನಿವಾರಣೆಯಾಯಿತು. ಸಂಘಮಿತ್ರಾ ಇನ್ನೂ ರಕ್ತದೊತ್ತಡದ ಗುಳಿಗೆ ನುಂಗುತ್ತಾಳೆ. ಹೆರಿಗೆ ರಜೆ ಮುಗಿಸಿ ಆಕೆ ಮುಧೋಳದ ಬಸ್ಸು ಹತ್ತಿದ ಮೊದಲ ದಿನ ಮುದಕವ್ವ ಕೂಸನ್ನು ಎತ್ತಿಕೊಂಡು ನಿಲ್ದಾಣದವರೆಗೆ ಹೋಗಿದ್ದಳು. ಬಸ್ಸಿನ ಕಂಡಕ್ಟರ್ ಬಸಗೊಂಡಪ್ಪನೇ. ಅವನು ಕೆಳಗಿಳಿದು ಬಂದು ಕೂಸಿನ ಗಲ್ಲ ಮುಟ್ಟಿ, "ಡಬ್ಬಿ ಹಾಲು ಕುಡದಾಕಿ ಈಕೀನೇನಬೇ, ಯವ್ವಾ? ಭಾಳ ದಪ್ಪಗಾಗ್ಯಾಳ," ಎಂದ.

"ದೃಷ್ಟಿ ಹಾಕಬ್ಯಾಡ, ಹೋಗು. ಸೀಟಿ ಊದು ನೀ," ಎಂದಳು ಮುದಕವ್ವ.